ಪುರಾವೆ ಮೇಡಂ ಮತ್ತು ಈರುಳ್ಳಿ

ಕಾಲೇಜಿನ ಲೈಬ್ರರಿಯನ್‌ಗೆ ಹುಡುಗರು ಇಟ್ಟ ಹೆಸರು ‘ಪುರಾವೆ ಮೇಡಂ’. ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು, ಅಷ್ಟು ಸರಿಯಾಗಿತ್ತು. ವಾರಕ್ಕೊಮ್ಮೆ ಮೊದಲ ವರ್ಷದವರನ್ನು ಓದುವ ಕೋಣೆಯ ಉದ್ದನೆಯ ಮೇಜಿನ ಸುತ್ತ ಕೂರಿಸುತ್ತಿದ್ದರು. ಮೊಬೈಲಿಗೆ ಬಂದ ಯಾವುದಾದರೂ ಒಂದು ಮಾತನ್ನು ಅವರೇ ತರಬೇಕು, ಅದಕ್ಕೆ ಪ್ರಶ್ನೆ ಹಾಕಬೇಕು: ಯಾರು ಹೇಳಿದ್ದು, ಯಾಕೆ ಹೇಳಿದ್ದು, ಬೇರೆ ಯಾರಾದರೂ ಹೇಳಿದ್ದಾರಾ?

ತರಗತಿಯಲ್ಲಿ ಸರಿ. ಮನೆಯವರ ಹತ್ತಿರವೂ ಇದೇ ಹಟ ಹಿಡಿದರೆ ಯಾರು ಸಹಿಸುತ್ತಾರೆ? ಅಮ್ಮ ಹೋದ ಮೇಲೆ ಮೇಡಂಗೆ ತನ್ನವನು ಅಂತ ಉಳಿದವನು ತಮ್ಮನೊಬ್ಬನೇ. ಅವನ ಹೆಂಡತಿ ಮನೆಮಂದಿಯ ವಾಟ್ಸಾಪ್ ಗುಂಪಿಗೆ, ಯಾವುದೋ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಮಾಯ ಅಂತ ಕಳಿಸಿದಳು. ಮೇಡಂ ಎಲ್ಲರೆದುರು ಅದು ಸುಳ್ಳೆಂದು ಪುರಾವೆ ಸಮೇತ ತೋರಿಸಿಕೊಟ್ಟರು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವ ಗಾದೆ ಅವರ ಯಾವ ಕಪಾಟಿನಲ್ಲೂ ಇರಲಿಲ್ಲ. ಸಿಟ್ಟಿಗೆದ್ದ ತಮ್ಮ, ಅಕ್ಕನನ್ನು ಗುಂಪಿನಿಂದಲೇ ತೆಗೆದುಹಾಕಿದ.

ಅಂದಿನಿಂದ ಮನೆ ಬಿಕೋ ಅನ್ನತೊಡಗಿತು. ಸಂಜೆ ಬೀಗ ತೆಗೆದರೆ, ಬೆಳಿಗ್ಗೆ ತೊಳೆದು ಬೋರಲು ಹಾಕಿದ್ದ ಒಂದೇ ಲೋಟ. ತಾನು ಹೇಳಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಸರಿಯಾಗಿದ್ದು ಏನು ಬಂತು, ಮಣ್ಣು! ತಮ್ಮ ಒಂದು ಸಲ ‘ಅಕ್ಕಾ’ ಅಂದಿದ್ದರೆ ಸಾಕಿತ್ತು. ತಾವಾಗಿಯೇ ಫೋನ್ ಮಾಡಲು ಬಿಗುಮಾನ ಬಿಡಲಿಲ್ಲ.

ಒಂದು ಸಂಜೆ ಬಂತು ಮೆಸೇಜು. ಮಂಡಿಗೆ ಈರುಳ್ಳಿ ಬಿಲ್ಲೆ ಕಟ್ಟಿಕೊಂಡು ಮಲಗಿದರೆ ನೋವು ಓಡಿಹೋಗುತ್ತದಂತೆ. ಕೆಳಗೆ ತಮ್ಮ ಬರೆದಿದ್ದ: ‘ಅಕ್ಕಾ, ನಿನ್ನ ಮಂಡಿ ನೆನಪಾಯ್ತು. ಮಾಡಿ ನೋಡು.’

ಶುದ್ಧ ಸುಳ್ಳು, ಓದುತ್ತಲೇ ಗೊತ್ತಾಯಿತು. ಆದರೆ ತನ್ನ ಮಂಡಿಯನ್ನು ಬೇರೆ ಯಾರಾದರೂ ವಿಚಾರಿಸಿದ್ದಾರಾ? ಯಾರೂ ಇಲ್ಲ. ಮೇಡಂ ಎದ್ದು ಹೋಗಿ ಈರುಳ್ಳಿ ಹೆಚ್ಚಿದರು.

ಹಾಸಿಗೆಯೆಲ್ಲ ನಾರಿತು, ನೋವು ಇದ್ದ ಹಾಗೇ ಇತ್ತು. ಹೇಗಿದೆ ಅಂತ ತಮ್ಮ ಕೇಳಿದಾಗ, ‘ಎಷ್ಟೋ ಕಮ್ಮಿ ಆಗಿದೆ ಕಣೋ’ ಎಂದು ಬರೆದರು. ಅವನು ಅಂದೇ ಅಕ್ಕನನ್ನು ಗುಂಪಿಗೆ ಮತ್ತೆ ಸೇರಿಸಿಕೊಂಡ. ಈರುಳ್ಳಿ ಮದ್ದನ್ನು ಅಲ್ಲಿಗೂ ಹಾಕಿ, ಲೈಬ್ರರಿಯನ್ ಒಬ್ಬರು ಖುದ್ದು ಮಾಡಿ ನೋಡಿದ್ದಾರೆ, ಗ್ಯಾರಂಟಿ ಅಂತ ಸೇರಿಸಿದ. ಚಿಕ್ಕಪ್ಪ, ಅತ್ತೆ ಎಲ್ಲರೂ ಅದನ್ನು ಊರಿಗೆಲ್ಲ ಹಂಚಿದರು. ಮೇಡಂ ತಿದ್ದಲು ಹೋಗಿ, ಫೋನನ್ನು ಮಗುಚಿಟ್ಟರು.

ಮುಂದಿನ ತರಗತಿಯಲ್ಲಿ ಒಬ್ಬ ಹುಡುಗಿ ತನ್ನ ತಾಯಿಗೆ ಬಂದ ಮೆಸೇಜು ಓದಿದಳು. ಅದೇ ಈರುಳ್ಳಿ. ಯಾರು ಹೇಳಿದ್ದು ಅಂತ ಮೇಜಿನ ಸುತ್ತಲಿದ್ದವರು ಕೇಳಿದರು.

“ಯಾರೋ ಲೈಬ್ರರಿಯನ್ ಅಂತೆ,” ಎಂದಳು. ಎಲ್ಲರೂ ಮೇಡಂ ಕಡೆ ತಿರುಗಿ ನಕ್ಕರು.

“ಸುಳ್ಳು ಅಂತ ಬರ್ಕೊಳ್ಳಿ,” ಎಂದರು ಮೇಡಂ.

“ಮತ್ತೆ ಅವ್ರು ಯಾಕೆ ಹಂಗೆ ಹೇಳಿದ್ರು ಮೇಡಂ?”

ಅದು ಅವರೇ ಕಲಿಸಿದ ಪ್ರಶ್ನೆ, ಉತ್ತರ ಕೊಡದೆ ವಿಧಿಯಿರಲಿಲ್ಲ.

“ಅವ್ರಿಗೆ ಮಾತಾಡ್ಸೋರು ಯಾರೂ ಇರ್ಲಿಲ್ಲ ಕಣಮ್ಮ,” ಎಂದರು.

ಹುಡುಗಿ ಅದನ್ನೂ ಬರೆದುಕೊಂಡಳು.