ಸಣಕಲು ಗಿಟಾರಿನ ಸುತ್ತು

ನನ್ನ ಗಿಟಾರಿನ ದನಿ ಸಣಕಲು ಎಂದು ಮೊದಲು ಹೇಳಿದವಳು ನನ್ನ ಹೆಂಡತಿ ಗಿರಿಜೆ. ಸಿಟ್ಟಿನಿಂದ ಹೇಳಿದ್ದೇನಲ್ಲ. ಸಾರಿಗೆ ಉಪ್ಪು ಸಾಲದು ಎನ್ನುವಷ್ಟು ಸಹಜವಾಗಿ, "ಸೊಳ್ಳೆ ಬಂದಂಗೆ ಕೇಳ್ತದೆ" ಎಂದಳು. ಹಾಗೆನ್ನುತ್ತಲೇ ಎದ್ದು ಹೋಗಿ ಕಿಟಕಿ ಮುಚ್ಚಿದಳು. ನಿಜವಾದ ಸೊಳ್ಳೆ ಬಾರದಿರಲೆಂದು ಮುಚ್ಚಿದಳೋ, ನನ್ನ ಸೊಳ್ಳೆ ಹೊರಗೆ ಹೋಗದಿರಲೆಂದು ಮುಚ್ಚಿದಳೋ, ನನಗೆ ಇವತ್ತಿಗೂ ಅನುಮಾನ.

ಅನುಮಾನ ನನಗೆ ಅನ್ನ ಕೊಡುವ ವಿದ್ಯೆ. ಚಾಮರಾಜನಗರದಲ್ಲಿ ನಾನು ಭೂಮಾಪಕ, ಜನರ ಬಾಯಲ್ಲಿ ಸರ್ವೇಯರ್ರು. ಇಪ್ಪತ್ತೆರಡು ವರ್ಷದಿಂದ ಹೊಲದ ಬದುಗಳ ಮೇಲೆ ನಿಂತು, ಗಡಿಕಲ್ಲು ಇರಬೇಕಾದ ಕಡೆ ಇದೆಯೋ, ಪಕ್ಕದ ಹೊಲದ ಕಡೆಗೆ ನಾಲ್ಕು ಹೆಜ್ಜೆ ನಡೆದಿದೆಯೋ ಎಂದು ನೋಡುತ್ತಾ ಬಂದಿದ್ದೇನೆ. ಕೇಳದೆಯೇ ಯಾರಾದರೂ "ಈ ಕಲ್ಲು ನಮ್ ತಾತನ್ ಕಾಲ್ದಿಂದ ಇಲ್ಲೇ ಅದೆ ಸಾ" ಎಂದರೆ, ಬಗ್ಗಿ ಅದರ ಬುಡದ ಮಣ್ಣು ಮುಟ್ಟಿ ನೋಡುತ್ತೇನೆ. ಈ ಚಾಳಿ ಕಚೇರಿಯಲ್ಲೇ ಉಳಿಯುವುದಿಲ್ಲ. ತರಕಾರಿ ಅಂಗಡಿಯ ತಕ್ಕಡಿಯಿಂದ ಹಿಡಿದು ನಮ್ಮ ಡಾಕ್ಟರ ನಗುವಿನವರೆಗೆ ಎಲ್ಲವನ್ನೂ ಅಳೆಯುವುದು ನನಗೆ ರೂಢಿಯಾಗಿಬಿಟ್ಟಿದೆ.

ಇಂಥವನ ಕೈಗೆ ಗಿಟಾರು ಬಂದದ್ದು ಕಾಲೇಜಿನ ದಿನಗಳಲ್ಲಿ. ಮದುವೆ ಆರತಕ್ಷತೆಗಳಲ್ಲಿ ನುಡಿಸುವ ಒಂದು ವಾದ್ಯಗೋಷ್ಠಿಯಲ್ಲಿ ನಾನು ಗಿಟಾರು, ಗೆಳೆಯ ಮಹದೇವಸ್ವಾಮಿ ಡ್ರಮ್ಮು. ಈಗ ಅವನು ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದಾನೆ, ಅವನ ಡ್ರಮ್ಮುಗಳು ಗೋಡೌನಿನಲ್ಲಿ ಮೂಟೆಗಳ ಹಿಂದೆ ಇವೆ. ಎರಡು ವರ್ಷದ ಕೆಳಗೆ ನನ್ನ ಮೊಬೈಲು ತಾನಾಗಿಯೇ ಒಂದು ಸಂಗೀತವನ್ನು ತೋರಿಸಿತು. ಸರ್ಫ್ ಸಂಗೀತವಂತೆ. ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿಕೊಂಡು ಜಾರುವ ಹುಡುಗರಿಗಾಗಿ ಅಮೆರಿಕದ ಕಡಲ ತೀರದಲ್ಲಿ ಹುಟ್ಟಿದ್ದು. ಹಾಡುವವರು ಹೆಚ್ಚಾಗಿ ಇರುವುದೇ ಇಲ್ಲ, ಗಿಟಾರೇ ಓಡುತ್ತದೆ. ಅದರ ದನಿಯನ್ನು ಒಂದು ಸ್ಪ್ರಿಂಗಿನ ಮೂಲಕ ಹಾಯಿಸಿ, ನೀರಲ್ಲಿ ಅದ್ದಿ ತೆಗೆದಂತೆ ಮಾಡುತ್ತಾರೆ. ಕೇಳಿದರೆ ಎದೆಗೆ ಅಲೆ ಬಡಿದಂತೆ ಆಗುತ್ತದೆ. ಸಮುದ್ರವನ್ನು ನಾನು ಜೀವಮಾನದಲ್ಲಿ ನೋಡಿರುವುದು ಮೂರು ಸಲ, ಮೂರು ಸಲವೂ ಮೊಣಕಾಲಿನವರೆಗೆ. ಆದರೂ ಮರುಳಾದೆ. ಮಹದೇವಸ್ವಾಮಿಗೆ ಕೇಳಿಸಿದೆ. ಅವನೂ ಮರುಳಾದ. ಅಷ್ಟಕ್ಕೇ ನಿಲ್ಲದೆ, ಬೇಗೂರಿನಲ್ಲಿ ಮಾಡಲಿದ್ದ ತನ್ನ ಮೊಮ್ಮಗಳ ನಾಮಕರಣಕ್ಕೆ ನಾವಿಬ್ಬರೂ ಇದನ್ನೇ ನುಡಿಸುತ್ತೇವೆ ಎಂದು ನೆಂಟರಿಗೆಲ್ಲ ಹೇಳಿಬಿಟ್ಟ.

ನುಡಿಸಲು ಕೂತರೆ ಸೊಳ್ಳೆ.

ನಮ್ಮ ಕಡೆ ಹಿರಿಯರು ಹಾಡುವವರ ದನಿಯನ್ನು 'ಶಾರೀರ' ಎನ್ನುತ್ತಾರೆ. ಒಳ್ಳೆಯ ಶಾರೀರ ಕಣಯ್ಯಾ ಎಂದರೆ ಗಂಟಲು ಚೆನ್ನಾಗಿದೆ ಎಂದರ್ಥ. ಎಷ್ಟು ತಿಳಿದು ಇಟ್ಟ ಮಾತು! ದನಿಗೂ ಒಂದು ಶರೀರ ಬೇಕು, ಎಲುಬು ಬೇಕು, ಎಲುಬಿನ ಮೇಲೆ ಮಾಂಸ ಬೇಕು. ಕಥೆ ಹಾಡುತ್ತಾ ಮನೆ ಬಾಗಿಲಿಗೆ ಬರುವ ನೀಲಗಾರರ ತಂಬೂರಿಗೆ ಇರುವುದು ನಾಲ್ಕೇ ತಂತಿ, ಆದರೂ ಅದು ಬೀದಿ ತುಂಬಾ ಕೇಳುತ್ತದೆ. ನನ್ನ ಆರು ತಂತಿಯ ಗಿಟಾರು ಕರೆಂಟು ಕುಡಿದೂ ಬಡಕಲಾಗಿತ್ತು.

ಮೊದಲು ಕರೆಂಟನ್ನೇ ಅನುಮಾನಿಸಿದೆ. ವೋಲ್ಟೇಜ್ ಅಳೆದೆ, ಸರಿಯಾಗಿತ್ತು. ಆಂಪ್ಲಿಫೈಯರ್ ಬಿಚ್ಚಿ ಸ್ಪೀಕರಿನ ಕಾಗದವನ್ನು ಬೆಳಕಿಗೆ ಹಿಡಿದು ತೂತು ಹುಡುಕಿದೆ, ಇರಲಿಲ್ಲ. ಕೊನೆಗೆ ಪಿಕಪ್ಪಿನ ಮೇಲೆ ಕಣ್ಣು ಬಿತ್ತು. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಕರೆಂಟಾಗಿ ಮಾಡುವ ಸಣ್ಣ ತಾಮ್ರದ ಸುರುಳಿ. ಮೀಟರಿನಲ್ಲಿ ಅದನ್ನು ಅಳೆದಿಟ್ಟುಕೊಂಡು, ಇನ್ನಷ್ಟು ಪರೀಕ್ಷೆ ಮಾಡಲು ಹೋಗಿ ಕೂದಲೆಳೆಯಂಥ ತಂತಿಯನ್ನು ನಾನೇ ಕಿತ್ತುಬಿಟ್ಟೆ. ಈ ಭಾಗವನ್ನು ಗಿರಿಜೆಗೆ ಹೇಳಿರಲಿಲ್ಲ. ಇಲ್ಲಿ ಓದಿ ತಿಳಿದುಕೊಳ್ಳುತ್ತಾಳೆ.

ಸುರುಳಿ ಸುತ್ತುವವರು ಯಾರು ಎಂದು ಕೇಳಿದಾಗ ಮಹದೇವಸ್ವಾಮಿ ಹೇಳಿದ್ದು ಸಿದ್ದಮ್ಮನ ಹೆಸರು. ಗುಂಡ್ಲುಪೇಟೆಯಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳಿಗೆ ಕಾಯಿಲು ಸುತ್ತುವ ಅಂಗಡಿ ಆಕೆಯದು. ಗಂಡನಿಂದ ಕಲಿತ ಕೆಲಸವನ್ನು, ಅವರು ತೀರಿಕೊಂಡ ಮೇಲೆ ಒಬ್ಬರೇ ನಡೆಸಿಕೊಂಡು ಬಂದವರು. ಸುಮಾರು ನನ್ನದೇ ವಯಸ್ಸು. ನನ್ನ ಪಿಕಪ್ಪನ್ನು ಅಂಗೈ ಮೇಲೆ ಇಟ್ಟುಕೊಂಡು, ಮೋಟಾರಿನ ಮರಿ ನೋಡಿದಂತೆ ನೋಡಿದರು. ಸುತ್ತು ಹೆಚ್ಚಿದ್ದರೆ ದನಿ ತುಂಬಿಕೊಳ್ಳುತ್ತದೆ ಎಂದು ನಾನು ಎಲ್ಲೋ ಓದಿದ್ದೆ. ಎಂಟು ಸಾವಿರ ಸುತ್ತು ಬೇಕು ಎಂದೆ. ಆಗಲಿ ಎಂದರು. ಮೈಸೂರಿನಿಂದ ಸಣ್ಣ ತಂತಿ ತರಿಸಿ, ವಾರದಲ್ಲಿ ಸುತ್ತಿ ಕೊಟ್ಟರು.

ಮನೆಗೆ ಬಂದು ಹಾಕಿ ಮೀಟಿದೆ. ಸೊಳ್ಳೆ ಸ್ವಲ್ಪ ದಪ್ಪಗಾಗಿತ್ತು, ಅಷ್ಟೆ. ಮೀಟರು ಹಚ್ಚಿ ನೋಡಿದೆ. ಸುತ್ತು ಹೆಚ್ಚಿದರೆ ತಂತಿ ಕರೆಂಟಿಗೆ ಒಡ್ಡುವ ತಡೆಯೂ ಹೆಚ್ಚಬೇಕು. ಮೀಟರಿನಲ್ಲಿ ತಡೆ ಮೊದಲಿಗಿಂತ ಕಡಿಮೆ! ಗಡಿಕಲ್ಲಿನ ಬುಡದಲ್ಲಿ ಹಸಿ ಮಣ್ಣು ಸಿಕ್ಕಿದಾಗ ಆಗುವ ಆನಂದವೇ ಆಯಿತು. ಕಳ್ಳತನ ಹಿಡಿದವನ ಸಂತೋಷಕ್ಕಿಂತ ನೀಚವಾದ ಸಂತೋಷ ಇನ್ನೊಂದಿಲ್ಲ. ಆದರೆ ಅದು ಸಂತೋಷವೇ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ನಾಮಕರಣಕ್ಕೆ ಒಂಬತ್ತು ದಿನ ಉಳಿದಿತ್ತು. ಭಾನುವಾರ ಗಿಟಾರು, ಆಂಪ್ಲಿಫೈಯರ್, ಮೀಟರು ಮೂರನ್ನೂ ಹೊತ್ತುಕೊಂಡು ಬಸ್ಸು ಹತ್ತಿದೆ. ಸಿದ್ದಮ್ಮನ ಅಂಗಡಿಯಲ್ಲಿ ಎಲ್ಲ ಜೋಡಿಸಿ, ನುಡಿಸಿ ತೋರಿಸಿದೆ. ಮೀಟರು ಹಚ್ಚಿ ಮುಳ್ಳು ತೋರಿಸಿದೆ. ಸುತ್ತು ಕಡಿಮೆ ಬಿದ್ದಿರಬಹುದು ಎಂದೆ. 'ಬಿದ್ದಿರಬಹುದು' ಎಂಬ ಮಾತಿನಲ್ಲಿ ಮರ್ಯಾದೆ ಇದೆಯೆಂದು ನಾನು ಭಾವಿಸಿದ್ದೆ.

ಅವರು ನನ್ನ ಮುಖವನ್ನು ನೋಡಲಿಲ್ಲ. ಗಿಟಾರಿನಿಂದ ಪಿಕಪ್ ಬಿಚ್ಚಿಕೊಂಡು, ಸುತ್ತುವ ಯಂತ್ರಕ್ಕೆ ಸಿಕ್ಕಿಸಿದರು. ಆ ಯಂತ್ರದಲ್ಲಿ ಸುತ್ತು ಎಣಿಸುವ ಒಂದು ಸಣ್ಣ ಪೆಟ್ಟಿಗೆ ಇದೆ.

"ನಂಬ್ಕೆ ಇಲ್ದಿದ್ರೆ ಬಿಚ್ಚಿ ಎಣುಸ್ತೀನಿ ಸಾ. ಬಿಚ್ಚುದ್ ತಂತಿ ಮತ್ತೆ ಸುತ್ತಕ್ ಬರಕಿಲ್ಲ. ಬಿಚ್ಲಾ?"

ಬೇಡ ಎನ್ನಲು ನನಗೆ ಸಾಕಷ್ಟು ಹೊತ್ತು ಕೊಟ್ಟರು. ನಾನು ಬಿಚ್ಚಿ ಎಂದೆ.

ಮುಕ್ಕಾಲು ಗಂಟೆ ಹಿಡಿಯಿತು. ತಂತಿ ನಡುನಡುವೆ ಕಿತ್ತುಹೋಗುತ್ತಿತ್ತು, ಅವರು ತುದಿ ಹುಡುಕಿ ಮತ್ತೆ ಬಿಚ್ಚುತ್ತಿದ್ದರು. ಕ್ಷೌರದ ಅಂಗಡಿಯಲ್ಲಿ ಕೂದಲು ಬಿದ್ದಂತೆ ಕೆಂಪು ತಾಮ್ರ ನೆಲದ ಮೇಲೆ ರಾಶಿಯಾಗುತ್ತಾ ಹೋಯಿತು. ಏಳು ಸಾವಿರ ದಾಟಿದಾಗ ನನಗೆ ಬಾಯಾರಿತು. ಎಂಟು ಸಾವಿರ ದಾಟಿದಾಗ ಎದ್ದು ಹೋಗಬೇಕೆನಿಸಿತು. ಎಂಟು ಸಾವಿರದ ನೂರ ಹದಿನೆಂಟಕ್ಕೆ ಬಿಚ್ಚುವುದು ಮುಗಿಯಿತು.

ತಡೆ ಕಡಿಮೆ ಬಂದದ್ದಕ್ಕೆ ಕಾರಣವನ್ನೂ ಅವರೇ ಹೇಳಿದರು. ಬಾಳಿಕೆ ಬರಲಿ ಎಂದು ಕೂದಲೆಳೆಯಷ್ಟು ದಪ್ಪ ಹೆಚ್ಚಿನ ತಂತಿ ಹಾಕಿದ್ದರು. ದಪ್ಪ ತಂತಿಗೆ ತಡೆ ಕಡಿಮೆ. ಮೀಟರು ಸುಳ್ಳು ಹೇಳಿರಲಿಲ್ಲ, ನಾನು ಅದನ್ನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಹೆಚ್ಚಿಗೆ ಹಾಕಿದ ನೂರ ಹದಿನೆಂಟು ಸುತ್ತು ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕೊಸರು ಎಂದು ಆಮೇಲೆ ಹೊಳೆಯಿತು. ಸೊಪ್ಪು ಕೊಂಡಾಗ ಮೇಲೆ ಒಂದು ಹಿಡಿ ಹಾಕುತ್ತಾರಲ್ಲ, ಹಾಗೆ.

ಖಾಲಿ ಪಿಕಪ್ಪನ್ನು ನನ್ನ ಕೈಗಿಟ್ಟು ಸಿದ್ದಮ್ಮ ಯಾವುದೋ ಮೋಟಾರಿನ ಕಡೆ ತಿರುಗಿ ಕೂತರು. ತೆರಕಣಾಂಬಿ ದಾಟುವವರೆಗೂ ಬಸ್ಸಿನಲ್ಲಿ ನಾನು ತಲೆ ಎತ್ತಲಿಲ್ಲ. ಎಷ್ಟೋ ಜನರ ಬದುಗಳ ಮೇಲೆ ನಿಂತು 'ಅಳತೆ ನೋಡೇ ಬಿಡೋಣ' ಎಂದಿದ್ದೇನೆ. ಅಳತೆ ಸರಿಯಾಗಿಯೇ ಇದ್ದ ರೈತ ನಾನು ಹೋದ ಮೇಲೆ ಏನು ಮಾಡುತ್ತಿದ್ದನೋ ಎಂದು ಅವತ್ತೇ ಮೊದಲ ಸಲ ಯೋಚಿಸಿದ್ದು.

ಮಹದೇವಸ್ವಾಮಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ನಮ್ ಬೋರಿನ್ ಮೋಟ್ರ ಹನ್ನೊಂದ್ ವರ್ಸದಿಂದ ಆವಮ್ಮನೇ ಸುತ್ತಿರದು ಕಣ್ಲಾ. ಅವರ್ ಮುಂದೆ ಮೀಟ್ರು ಹಿಡ್ದಾ ನೀನು? ನಾಳೀಕೆ ಓಗಿ ತಪ್ಪಾಯ್ತು ಅನ್ನು. ಆಗ್ದಿದ್ರೆ ಬುಡು, ನಾನು ನಾಗಸ್ವರದೋರ್ನ ಕರುಸ್ಕತೀನಿ."

ಮೂವತ್ತು ವರ್ಷದ ಗೆಳೆತನದಲ್ಲಿ ಅವನು ನನ್ನೊಂದಿಗೆ ಅಷ್ಟು ತಣ್ಣಗೆ ಮಾತಾಡಿರಲಿಲ್ಲ. ಮರುದಿನ ರಜೆ ಹಾಕಿ, ಗಿಟಾರು, ಆಂಪ್ಲಿಫೈಯರ್ ಹೊತ್ತುಕೊಂಡು ಹೋದೆ.

ತಪ್ಪಾಯಿತು ಎನ್ನುವುದಕ್ಕೆ ನಾನು ದಾರಿಯುದ್ದಕ್ಕೂ ಒಳ್ಳೆಯ ವಾಕ್ಯಗಳನ್ನು ಕಟ್ಟಿಕೊಂಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ. "ತಪ್ಪಾಯ್ತು ಸಿದ್ದಮ್ಮನೋರೆ" ಎಂದಷ್ಟೇ ಅಂದೆ. ಅವರು ಸ್ಟೂಲು ತೋರಿಸಿದರು. ಉಳಿದಿರುವ ಸಣ್ಣ ತಂತಿಯಲ್ಲಿ ಸುತ್ತಿಕೊಡುತ್ತೇನೆ, ಆದರೆ ತಂತಿ ಹಿಡಿಯುವವರು ನೀವೇ ಎಂದರು. ಅವರು ಯಂತ್ರದ ಹಿಡಿ ತಿರುಗಿಸುವುದು, ನಾನು ಬೆರಳುಗಳ ನಡುವೆ ತಂತಿಯನ್ನು ಹಾಯಿಸುವುದು. ಬಿಗಿ ಹಿಡಿದರೆ ಕಿತ್ತುಹೋಗುತ್ತದೆ, ಸಡಿಲ ಬಿಟ್ಟರೆ ಸಿಕ್ಕಾಗುತ್ತದೆ. ಎರಡು ಸಲ ಕಿತ್ತೆ. ಎರಡು ಸಲವೂ ಎಣಿಸುವ ಪೆಟ್ಟಿಗೆಯ ಕಡೆ ಕಣ್ಣು ಹಾಯಿಸಿದಾಗಲೇ. ಮೂರನೆಯ ಸಲ ತಂತಿಯನ್ನು ಮಾತ್ರ ನೋಡಿದೆ. ಎಷ್ಟಾಯಿತು ಎಂಬುದು ಮರೆತೇ ಹೋಯಿತು. ಸಾಕು ಎಂದು ಅವರು ಹೇಳಿದಾಗ ಸಾಕು ಎಂದು ನಂಬಿದೆ. ನನ್ನಂಥವನಿಗೆ ಇದು ಸಣ್ಣ ಸಂಗತಿಯಲ್ಲ.

ಪಿಕಪ್ಪನ್ನು ಕೂರಿಸಿ ನುಡಿಸಿದಾಗ ದನಿ ಭಾನುವಾರದಂತೆಯೇ ಇತ್ತು. ಈ ಸಲ ನಾನು ಮೀಟರು ಹಚ್ಚಲಿಲ್ಲ. ಸಿದ್ದಮ್ಮ ನನ್ನ ಬಲಗೈಯನ್ನೇ ನೋಡುತ್ತಿದ್ದರು.

"ಒಂದ್ ಮಾತ್ ಹೇಳ್ಲಾ ಸಾ, ಬೇಜಾರ್ ಮಾಡ್ಕಬ್ಯಾಡಿ. ಕಾಯಿಲಲ್ಲಿ ಏನೂ ಇಲ್ಲ. ನೀವು ತಂತಿನ ಅಪ್ಪಣೆ ಕೇಳ್ಕಂಡು ಮುಟ್ತೀರಿ."

ನಾನು ನಕ್ಕೆ. ಆಮೇಲೆ ನಗು ನಿಂತಿತು. ಚಾಮರಾಜನಗರದ ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಗೋಡೆಯ ಆಚೆ ಒಬ್ಬರು ನಿವೃತ್ತ ಮೇಷ್ಟರಿದ್ದಾರೆ. ನನಗೆ ಅವರ ಮೇಲೆ ಅನುಮಾನ, ಗೋಡೆಗೆ ಕಿವಿ ಇಟ್ಟು ಕೂತಿರುತ್ತಾರೆಂದು. ಅವರು ಇಷ್ಟು ವರ್ಷದಲ್ಲಿ ಒಂದು ಸಲವೂ ಗೋಡೆ ಬಡಿದಿಲ್ಲ, ದೂರು ಹೇಳಿಲ್ಲ. ಆದರೂ ಬಡಿದಾರು ಎಂದು ನಾನು ಬೆರಳ ತುದಿಯಲ್ಲಿ, ಕಳ್ಳ ಬೆಕ್ಕಿನ ಹಾಗೆ ನುಡಿಸುತ್ತಾ ಬಂದಿದ್ದೆ. ಸುಲಭವಾಗಿ ಬಗ್ಗಲಿ ಎಂದು ಗಿಟಾರಿಗೆ ಎಲ್ಲಕ್ಕಿಂತ ತೆಳುವಾದ ತಂತಿಗಳನ್ನೇ ಹಾಕಿಸಿದ್ದೆ. ಸರ್ಫ್ ನುಡಿಸುವವರು ದಪ್ಪ ತಂತಿ ಹಾಕಿ, ತಂತಿಗಳು ಕೂರುವ ಬ್ರಿಡ್ಜಿನ ಹತ್ತಿರ ಕೈ ಇಟ್ಟು, ಕೊಡಲಿ ಬೀಸಿದಂತೆ ಬಡಿಯುತ್ತಾರೆ. ಇದು ನಾನು ನೋಡಿದ ಎಲ್ಲ ವಿಡಿಯೋದಲ್ಲೂ ಕಣ್ಣಿಗೆ ಹೊಡೆಯುವಂತೆ ಇತ್ತು. ಅವರ ಆಂಪ್ಲಿಫೈಯರ್ ಪೆಟ್ಟಿಗೆಗಳನ್ನು ನೋಡುತ್ತಾ ಅವರ ಕೈ ನೋಡಿರಲಿಲ್ಲ.

ದಪ್ಪ ತಂತಿ ತರಿಸಿದೆ. ಉಳಿದ ದಿನಗಳಲ್ಲಿ ಕಚೇರಿ ಮುಗಿಸಿ ಸಂಜೆ ಬಸ್ಸಿಗೆ ಗುಂಡ್ಲುಪೇಟೆಗೆ ಹೋಗಿ, ಗೋಡೌನಿನಲ್ಲಿ ಮಹದೇವಸ್ವಾಮಿಯ ಡ್ರಮ್ಮಿನ ಮುಂದೆ ನಿಂತು ಬಡಿದೆ. ಮೊದಲ ದಿನ ಬೆರಳು ಕೆಂಪಾದವು, ಎರಡನೆಯ ದಿನ ಬೊಬ್ಬೆ ಎದ್ದವು. ಮೂರನೆಯ ದಿನ ಮಹದೇವಸ್ವಾಮಿ ಡ್ರಮ್ಮಿನ ಕೋಲು ಕೆಳಗಿಟ್ಟು, ನನ್ನ ಬೆನ್ನು ತಟ್ಟಿ, ಮತ್ತೆ ಕೋಲು ಎತ್ತಿಕೊಂಡ. ಗೋಡೌನಿನ ತಗಡು ನಮ್ಮ ಜೊತೆಗೆ ನಡುಗುತ್ತಿತ್ತು. ಈರುಳ್ಳಿ ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು. ಘಾಟಿಗೇ ಎಂದು ಇಬ್ಬರೂ ಒಪ್ಪಿಕೊಂಡೆವು.

ಬೇಗೂರಿನ ನಾಮಕರಣ ಮಧ್ಯಾಹ್ನಕ್ಕೆ. ತೊಟ್ಟಿಲು ಶಾಸ್ತ್ರ ಮುಗಿದು ಜನ ಊಟಕ್ಕೆ ಕೂತಾಗ ನಾವು ಶುರು ಮಾಡಿದೆವು. ಮೊದಲ ಪೆಟ್ಟಿಗೇ ಬಡಿಸುವವರ ಕೈ ನಿಂತಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಎರಡು ಸುತ್ತು ಸುಮ್ಮನೆ ಕೇಳಿ, ಹಾಡೋರು ಯಾವಾಗ ಬರುತ್ತಾರೆ ಎಂದು ಪಕ್ಕದವರನ್ನು ವಿಚಾರಿಸಿದರು. ಇದರಲ್ಲಿ ಹಾಡೋದಿಲ್ಲವಂತೆ ಎಂದು ಗೊತ್ತಾದ ಮೇಲೆ, ಹಂಗಾದ್ರೆ ಸರಿ ಎನ್ನುವಂತೆ ತಲೆಯಾಡಿಸಿ ಪಾಯಸಕ್ಕೆ ಕೈ ಹಾಕಿದರು. ಕಂಬದ ಪಕ್ಕ ಸಿದ್ದಮ್ಮ ಕೂತಿದ್ದರು. ಮೋಟಾರು ಸರಿಯಾಗಿ ಓಡುತ್ತಿದೆಯೇ ಎಂದು ಕೇಳುವವರ ಹಾಗೆ ತಲೆ ಓರೆ ಮಾಡಿ ಕೇಳುತ್ತಿದ್ದರು.

ನಮಗೆ ಗೊತ್ತಿದ್ದ ನಾಲ್ಕು ಟ್ಯೂನುಗಳೂ ಮುಗಿದವು. ಊಟವೂ ಮುಗಿಯಿತು. ಜನ ಏಳಲಿಲ್ಲ. ನನ್ನ ಹಳೆಯ ಬುದ್ಧಿ ತಲೆ ಎತ್ತಿತು. ಹೊರಗೆ ಬಿಸಿಲು, ಅದಕ್ಕೇ ಕೂತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಮೋಡ ಕವಿಯಿತು. ಐಸ್‌ಕ್ರೀಮಿಗೆ ಕಾಯುತ್ತಿದ್ದಾರೆ ಎಂದುಕೊಂಡೆ. ಐಸ್‌ಕ್ರೀಮು ಬಂತು, ತಿಂದರು, ಕಪ್ಪು ಕೆಳಗಿಟ್ಟರು, ಮತ್ತೆ ನಮ್ಮ ಕಡೆಗೇ ನೋಡಿದರು. ಮೈಸೂರು ಬಸ್ಸು ಇನ್ನೂ ಬಂದಿರಲಾರದು ಎಂದುಕೊಳ್ಳುವಾಗಲೇ ಹೊರಗೆ ಹಾರನ್ನು ಕೇಳಿಸಿತು, ಬಸ್ಸು ನಿಂತು ಹೊರಟೂ ಹೋಯಿತು. ಇನ್ನು ನನಗೆ ಬೇರೆ ಕಾರಣ ಹೊಳೆಯಲಿಲ್ಲ. ಮಹದೇವಸ್ವಾಮಿಯ ಕಡೆ ತಿರುಗಿದೆ. ಅವನು ಕೋಲೆತ್ತಿ ಕಾಯುತ್ತಿದ್ದ. ಮೊದಲನೆಯದನ್ನೇ ಇನ್ನೊಂದು ಸಲ, ಇನ್ನೂ ಸ್ವಲ್ಪ ಜೋರಾಗಿ ಬಡಿದೆವು.