ಅಜ್ಜನ ಮೀಸೆಯ ರಾಕ್ಷಸ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ರಾಕ್ಷಸನಿಗೆ ಅಜ್ಜನ ಮೀಸೆ ಬರೆದದ್ದು ನಾನು, ಅಜ್ಜನ ಕೆಮ್ಮನ್ನು ಅವನ ಬಾಯಿಗೆ ತುರುಕಿದ್ದೂ ನಾನು. ಯಾರೂ ಹೇಳಿರಲಿಲ್ಲ. ಆ ಕಾಲಕ್ಕೆ ನಾನು ಅನುಕರಣೆ ಮಾಡದೆ ಬಿಟ್ಟವರು ಇಬ್ಬರೇ. ಒಬ್ಬರು ಪೋಸ್ಟ್‌ಮ್ಯಾನ್, ಅವರು ಮಾತೇ ಆಡುತ್ತಿರಲಿಲ್ಲ. ಇನ್ನೊಬ್ಬ ನಾನೇ, ಆ ಕೆಲಸವನ್ನು ಅಕ್ಕ ನೋಡಿಕೊಳ್ಳುತ್ತಿದ್ದಳು.

ಎಂಬತ್ತರ ದಶಕದ ಆರಂಭ. ನಮ್ಮ ಮನೆ ಪುತ್ತೂರಿನಿಂದ ಬೆಟ್ಟಂಪಾಡಿಗೆ ಹೋಗುವ ದಾರಿಯಲ್ಲಿ. ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ರಜೆಯಲ್ಲಿ ಬಂದವರು ಒಂದು ರಟ್ಟಿನ ಪೆಟ್ಟಿಗೆ ತಂದರು. ಒಳಗೆ ಹೆಬ್ಬೆರಳಿನಷ್ಟೆತ್ತರದ ಸೀಸದ ಗೊಂಬೆಗಳು, ಒಂದಕ್ಕೂ ಬಣ್ಣವಿಲ್ಲ. ಇಪ್ಪತ್ತು ಮುಖದ ಒಂದು ದಾಳ. ಒಂದು ಇಂಗ್ಲಿಷ್ ಪುಸ್ತಕ. ಆಟ ಇಷ್ಟೇ: ಒಬ್ಬ ಕಥೆ ನಡೆಸಬೇಕು, ಕಾಡು, ಗುಹೆ, ರಾಕ್ಷಸ ಎಲ್ಲ ಅವನ ಪಾಲಿಗೆ. ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ.

"ಮನೆಯವರನ್ನೆಲ್ಲ ಕೂರಿಸಿ, ಒಬ್ಬರೂ ಎದ್ದು ಹೋಗದ ಹಾಗೆ ಒಂದು ಆಟ ಪೂರ್ತಿ ಆಡಿಸಿದವನಿಗೆ ಈ ಪೆಟ್ಟಿಗೆ," ಎಂದರು ಮಾವ. "ಇಲ್ಲದಿದ್ರೆ ಮಂಗಳೂರಿನ ಮಕ್ಕಳಿಗೆ ಕೊಟ್ಟು ಹೋಗ್ತೇನೆ."

ಮಂಗಳೂರಿನ ಮಕ್ಕಳೆಂದರೆ ಚಿಕ್ಕಮ್ಮನ ಮಕ್ಕಳು. ಅವರಿಗೆ ಆಗಲೇ ಎರಡು ಸೈಕಲ್ ಇದ್ದವು. ಇನ್ನು ಇದೂ ಅವರಿಗೇ ಹೋಗುವುದೆಂದರೆ! ಭಾನುವಾರ ಊಟವಾದ ಮೇಲೆ ಆಟ ಎಂದು ಅಲ್ಲೇ ಸಾರಿಬಿಟ್ಟೆ.

ಬಸ್‌ಸ್ಟ್ಯಾಂಡಿನ ಬಳಿ ಬೋರ್ಡು ಬರೆಯುವವರ ಡಬ್ಬಗಳ ತಳ ಕೆರೆದು ತಂದೆ. ಸ್ವಲ್ಪ ಕಪ್ಪು, ಸ್ವಲ್ಪ ಕೆಂಪು, ಬೇಕಾದ್ದಕ್ಕಿಂತ ಹೆಚ್ಚು ಹಳದಿ. ಮೊದಲ ದಿನ ಗೊಂಬೆಯ ಜಿಡ್ಡು ತೊಳೆಯದೆ ಬಳಿದೆ; ಬಣ್ಣವೆಲ್ಲ ಸಿಪ್ಪೆಯಂತೆ ಎದ್ದು ಬಂತು. ಸೀಗೆಪುಡಿ ಹಾಕಿ ತಿಕ್ಕಿದ ಮೇಲೆ ಹಿಡಿಯಿತು. ಶಾಲೆಯ ಬ್ರಶ್ಶನ್ನು ಬ್ಲೇಡಿನಿಂದ ನಾಲ್ಕೇ ಕೂದಲಿಗೆ ಇಳಿಸಿದೆ. ಕಣ್ಣಿಗೆ ಅದೂ ದಪ್ಪ. ಹಿಡಿಸೂಡಿ ಪೊರಕೆಯ ಕಡ್ಡಿಯ ತುದಿ ಚೂಪು ಮಾಡಿ, ಉಸಿರು ಬಿಗಿಹಿಡಿದು, ಒಂದೊಂದೇ ಚುಕ್ಕೆ ಇಟ್ಟೆ.

ಅಕ್ಕ ಬಗ್ಗಿ ನೋಡಿದಳು. "ಎಂತ ಮಾರಾಯ, ಇಡೀ ಸೈನ್ಯಕ್ಕೆ ಕಾಮಾಲೆಯಾ? ಇವರನ್ನು ಯುದ್ಧಕ್ಕೆ ಕಳಿಸುದಾ, ನೆಲನೆಲ್ಲಿ ಕಷಾಯ ಕುಡಿಸುದಾ?"

"ಅದು ಚಿನ್ನದ ಕವಚ."

"ಮೂಗಿಗೂ ಕವಚ ಉಂಟಾ?"

ನಾನು ಹೆದರುವವನಲ್ಲ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಕ್ಷೆ ಬರೆದೆ. ನಿಧಿಯ ಗುಹೆಯನ್ನು ಕೊಲ್ಲಮೊಗ್ರಿನಾಚೆಯ ಕಾಡಿಗೆ ಹಾಕಿದೆ. ನಾನು ಅತ್ತ ಹೋಗಿಯೇ ಇರಲಿಲ್ಲ, ಆದ್ದರಿಂದ ಅಲ್ಲಿ ಏನು ಬೇಕಾದರೂ ಇರಬಹುದಿತ್ತು. ಗುಹೆಯ ಬಾಗಿಲಿಗೆ ರಾಕ್ಷಸ. ಅವನಿಗೆ ಅಜ್ಜನ ಪೊದೆಮೀಸೆ, ಅಜ್ಜನ ಕೆಂಪು ಶಾಲು. ಸ್ವರದ ಅಭ್ಯಾಸ ಬಚ್ಚಲಿನಲ್ಲಿ. ಎರಡು ಸಲ ಕೆಮ್ಮಿ, "ಯಾರದು?" ಎಂದು ಗುಡುಗಿದೆ. ಹೊರಗಿನಿಂದ ಅಮ್ಮ, "ಮಾವಾ, ಬಿಸಿನೀರು ಸಾಕಾ?" ಎಂದು ಒಳಗಿರುವುದು ತಮ್ಮ ಮಾವನೆಂದೇ ತಿಳಿದು ಕೇಳಿದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ?

ಭಾನುವಾರ ಎಲ್ಲರೂ ಚಾಪೆಯ ಸುತ್ತ ಕುಳಿತರು. ಅಪ್ಪ ಸೇನಾಪತಿ, ಅಮ್ಮ ವೈದ್ಯೆ, ಅಕ್ಕ ಕಳ್ಳಿ, ಅಜ್ಜ ಮುದಿ ಬೇಟೆಗಾರ. ಮಾವ ಬರೀ ತೀರ್ಪುಗಾರ. ನನಗಿದ್ದ ಒಂದೇ ಭಯ ಅಪ್ಪನ ಮಧ್ಯಾಹ್ನದ ನಿದ್ದೆ. ಅಜ್ಜನ ಬಗ್ಗೆ ಯೋಚಿಸಿಯೇ ಇರಲಿಲ್ಲ. ಅವರು ತಾಳಮದ್ದಳೆಯಲ್ಲಿ, ವೇಷವಿಲ್ಲದೆ ಕುಳಿತಲ್ಲೇ ಪಾತ್ರವಾಗಿ, ಎದುರಿನವನ ಬಾಯಿ ಕಟ್ಟುವವರೆಗೆ ವಾದಿಸುವವರು. ಅಂಥವರಿಗೆ ಪಾತ್ರ ಕೊಟ್ಟು, ದಾಳ ಹಾಕಿ ಸುಮ್ಮನಿರುತ್ತಾರೆಂದು ನಂಬಿದೆ ನೋಡಿ!

ಗುಹೆ ಬಂತು. ನಾನು ಕೆಮ್ಮಿ ಗುಡುಗಿದೆ. ಅಜ್ಜ ರಾಕ್ಷಸನನ್ನು ಎತ್ತಿ ನೋಡಿದರು, ತಮ್ಮ ಮೀಸೆ ಸವರಿಕೊಂಡರು, ಇಟ್ಟರು.

"ದಾರಿ ತಡೆಯುವ ನೀನು ಯಾರು? ಈ ಗುಹೆ ನಿನ್ನದೆಂದವರು ಯಾರು?"

"ನೂರು ವರ್ಷದಿಂದ ಇಲ್ಲಿದ್ದೇನೆ!"

"ಹಲ್ಲಿಯೂ ಇದೆ. ಅದು ಯಾರನ್ನೂ ತಡೆಯುತ್ತಿಲ್ಲ."

"ನಾನು ನಿಧಿ ಕಾಯುತ್ತೇನೆ!"

"ಯಾರಿಗಾಗಿ? ಉಣ್ಣಲು ಬಾರದ್ದನ್ನು, ಕೊಡಲು ಮನಸ್ಸಿಲ್ಲದ್ದನ್ನು ಕಾಯುತ್ತ ಕುಳಿತವನು ಕಾವಲುಗಾರನೋ, ಕೈದಿಯೋ?"

ಅಪ್ಪನ ನಿದ್ದೆ ಹಾರಿಹೋಗಿತ್ತು. ಅಮ್ಮ ಒಲೆಯ ಮೇಲಿಟ್ಟ ಹಾಲನ್ನು ಮರೆತಿದ್ದರು. ನಾನು ಉತ್ತರವೆಂದು ನಾಲ್ಕು ಸಲ ಕೆಮ್ಮಿದೆ. ಕೊನೆಗೆ ನನ್ನದೇ ಸ್ವರದಲ್ಲಿ, "ಅಜ್ಜ, ದಾಳ ಹಾಕಿ," ಎಂದೆ.

"ಬೇಟೆಗಾರ ಮಾತಾಡುವಾಗ ನಡುವೆ ಬಾಯಿ ಹಾಕುವವ ಯಾರು? ರಾಕ್ಷಸನ ಮಗನೇ?"

ಅಕ್ಕ ನಕ್ಕು ನಕ್ಕು ಚಾಪೆಗೆ ಬಿದ್ದಳು. ಇನ್ನೂ ಅರ್ಧ ಗಂಟೆ ಒದ್ದಾಡಿ ರಾಕ್ಷಸ ಬಾಗಿಲು ಬಿಟ್ಟುಕೊಟ್ಟ. ದಾಳ ಒಮ್ಮೆಯೂ ಉರುಳಲಿಲ್ಲ. ತೆಂಗಿನ ಗೆರಟೆಯಡಿ ನಾನು ಬಚ್ಚಿಟ್ಟಿದ್ದ ನಿಧಿ, ಒಂದು ಅಚ್ಚು ಬೆಲ್ಲ, ಅಮ್ಮನ ಕೈಸೇರಿ ಎಲ್ಲರಿಗೂ ಚೂರು ಚೂರಾಯಿತು. ಹಾಲು ಉಕ್ಕಿ ಒಲೆ ಆರಿದ ವಾಸನೆ ಬಂದದ್ದು ಆಮೇಲೆ.

"ಆಟ ಮುಗೀತು, ಒಬ್ಬರೂ ಎದ್ದಿಲ್ಲ," ಎಂದರು ಮಾವ. "ಪೆಟ್ಟಿಗೆ ಮಂಗಳೂರಿಗೆ ಹೋಗುದು ಬೇಡ."

ಗೆದ್ದೆನೆಂದು ನಾನು ಎರಡೂ ಕೈಯಲ್ಲಿ ಪೆಟ್ಟಿಗೆ ಎತ್ತಿಕೊಂಡೆ. ಅಜ್ಜ ಎರಡು ಸಲ ಕೆಮ್ಮಿದರು. ಅಸಲು ಕೆಮ್ಮು.

"ಆಡಿಸಿದವನಿಗೆ ಪೆಟ್ಟಿಗೆ ಅಂತಲ್ವಾ ಮಾತಾದದ್ದು? ಇವತ್ತು ಎಲ್ಲರನ್ನೂ ಕೂರಿಸಿದ್ದು ಯಾರು? ಹಾಗಾದ್ರೆ ಅದನ್ನು ನನ್ನ ಕೋಣೆಗೆ ತಂದಿಡು ಮಾರಾಯ."