ಗಡಿಯಾರ ಒಳಮುಖವಾಗಿ ಕಟ್ಟುತ್ತಿದ್ದ ಟೈಪಿಂಗ್ ಮೇಷ್ಟ್ರು

ನಮ್ಮ ಟೈಪಿಂಗ್ ಮೇಷ್ಟ್ರು ಕೈಗಡಿಯಾರವನ್ನು ಒಳಮುಖವಾಗಿ ಕಟ್ಟುತ್ತಿದ್ದರು. ಪುಸ್ತಕ ಹಿಡಿದ ಕೈಯನ್ನು ತಿರುಗಿಸದೆಯೇ ನಮ್ಮ ವೇಗ ಅಳೆಯಲು ಅದು ಅನುಕೂಲ. ವರ್ಷಗಟ್ಟಲೆ ಹಾಗೆ ಕಟ್ಟಿ ಮಣಿಕಟ್ಟಿನ ಒಳಗೆ ಎಂಟಾಣೆಯಗಲದ ಬಿಳಿ ಗುರುತು ಉಳಿದುಬಿಟ್ಟಿತ್ತು.

ಪಿರಿಯಾಪಟ್ಟಣದಲ್ಲಿ ಅವರ ಹತ್ತಿರ ಕಲಿಯದ ಗುಮಾಸ್ತರು ಕಡಿಮೆ. ನಾನು ಬೆಟ್ಟದಪುರದಿಂದ ಬಸ್ಸಿನಲ್ಲಿ ಬಂದು ಕಲಿತವಳು. ಸೀನಿಯರ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದ ಮೇಲೆ ನನ್ನ ಬೆರಳುಗಳಿಗೆ ಹೆದರಿಕೆ ಹಿಡಿಯಿತು. ಪ್ರತಿ ಅಕ್ಷರವನ್ನೂ ನೋಡಿ ನೋಡಿ ಒತ್ತುತ್ತಿದ್ದೆ. ತಪ್ಪಿರಲಿಲ್ಲ, ವೇಗವೂ ಇರಲಿಲ್ಲ. ಮೇಷ್ಟ್ರು ಬೈಯಲಿಲ್ಲ. ನನ್ನ ಹಳೆಯ ಹಾಳೆಗಳನ್ನೆಲ್ಲ ಬಚ್ಚಲೊಲೆಗೆ ಹಾಕಿಸಿ, ತಮ್ಮ ಹೆಗಲ ಟವಲನ್ನು ನನ್ನ ಕೈಗಳ ಮೇಲೆ ಹೊದಿಸಿ, ಮೊದಲ ದಿನದ ಪಾಠ ಕೊಟ್ಟರು. "ಸೋತಿದ್ದ ಮರ್ತುಬುಡವ್ವಾ. ಬೆರಳು ಇವತ್ತೇ ಉಟ್ಟವೆ ಅನ್ಕೊ," ಅಂದರು. ಮೂರನೇ ಸಲ ಪಾಸಾದೆ.

ಟೈಪ್‌ರೈಟರ್ ಕಾಲ ಮುಗಿದಾಗ ಅವರು ಗೋಳಾಡುತ್ತ ಕೂರಲಿಲ್ಲ. ಮೈಸೂರಿನಿಂದ ಒಂದೊಂದೇ ಬಿಡಿಭಾಗ ತಂದು, ಬಡಗಿಯಿಂದ ಮರದ ಪೆಟ್ಟಿಗೆ ಮಾಡಿಸಿ, ತಾವೇ ಒಂದು ಕಂಪ್ಯೂಟರ್ ಜೋಡಿಸಿದರು. ಊರವರು ಅದಕ್ಕೆ ಕೋಳಿಗೂಡು ಎಂದು ಹೆಸರಿಟ್ಟರು. ಪರದೆಯ ಬೆಳಕಿಗೆ ಕಣ್ಣಲ್ಲಿ ನೀರು ಬರತೊಡಗಿದಾಗ ಅದನ್ನು ನನ್ನ ಡಿಟಿಪಿ ಅಂಗಡಿಗೆ ಕೊಟ್ಟರು. ಲಗ್ನಪತ್ರಿಕೆ, ಹೊಗೆಸೊಪ್ಪು ಬೆಳೆಗಾರರ ಅರ್ಜಿ, ತಿಥಿ ಕಾರ್ಡು, ನನ್ನ ಹೊಟ್ಟೆಪಾಡೆಲ್ಲ ಅದರಲ್ಲೇ. ಅದರೊಳಗಿನ ಆಪರೇಟಿಂಗ್ ಸಿಸ್ಟಂ ಅನ್ನು ಮಾಡಿದವರೇ ಕೈಬಿಟ್ಟು ಎಷ್ಟೋ ವರ್ಷವಾಗಿದೆ. ಆದರೆ ನನ್ನ ಕನ್ನಡ ಅಕ್ಷರಗಳ ಸಾಫ್ಟ್‌ವೇರ್ ಹೊಸ ಯಂತ್ರದಲ್ಲಿ ಓಡುವುದಿಲ್ಲ.

ಮೂರು ವರ್ಷದ ಹಿಂದೆ ಕೋಳಿಗೂಡು ಏಳುವುದು ತಡವಾಗತೊಡಗಿತು. ಗುಂಡಿ ಒತ್ತಿ, ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿದು ಬಂದರೂ ಇನ್ನೂ ತೂಕಡಿಸುತ್ತಿತ್ತು. ಹನ್ನೊಂದು ನಿಮಿಷ. ಗಿರಾಕಿಗಳು ಎದುರಂಗಡಿಗೆ ಎದ್ದು ಹೋಗತೊಡಗಿದರು. ರಿಪೇರಿಯವರೆಲ್ಲ ಎಸೆಯಿರಿ ಅಂದರು. ಎಸೆದರೆ ನಾನು ಅಂಗಡಿ ಮುಚ್ಚಬೇಕಿತ್ತು.

ಮೇಷ್ಟ್ರಿಗೆ ಹೇಳಿಕಳಿಸಿದೆ. ಬಂದವರು ಮೊದಲ ದಿನ ಪೆಟ್ಟಿಗೆ ಮುಟ್ಟಲೇ ಇಲ್ಲ. ಗಡಿಯಾರ ನೋಡುತ್ತ ಕೂತು, ಪರದೆಯಲ್ಲಿ ಏನೇನು ಬಂತು, ಎಷ್ಟು ಸೆಕೆಂಡಿಗೆ ಬಂತು ಎಂದು ನನ್ನಿಂದ ನಾಲ್ಕು ಸಲ ಬರೆಸಿದರು.

"ಬಿಚ್ಚಿ ನೋಡಬಾರ್ದಾ ಸಾ?"

"ಕಾಯ್ಲೆ ಎಲ್ಲೈತೆ ಅಂತ ತಿಳೀದೆ ಒಟ್ಟೆ ಕುಯ್ಯೋರು ಇದ್ದಾರಾ? ಸುಮ್ನೆ ಬರ್ಕೊ."

ಪಟ್ಟಿಯ ಪ್ರಕಾರ ಡಿಸ್ಕಿನಿಂದ ಓದಬೇಕಾದ ಕಡೆಯೆಲ್ಲ ತಡ. ಮರುದಿನ ಬಿಚ್ಚಿದೆವು. ಡಿಸ್ಕಿನ ಅಗಲವಾದ ಕೇಬಲ್ ಕಿತ್ತು ಅವರು ಮೂಗಿನ ಹತ್ತಿರ ಹಿಡಿದರು. ಅದರ ತೂತುಗಳಲ್ಲಿ ವಿಭೂತಿ ಗಟ್ಟಿಯಾಗಿ ಕೂತಿತ್ತು. ಪ್ರತಿ ಆಯುಧಪೂಜೆಗೂ ಅವರೇ ಬಂದು, ಪೆಟ್ಟಿಗೆ ಬಿಚ್ಚಿ, ಕಲಸಿದ ವಿಭೂತಿಯನ್ನು ಒಳಗಿನ ಭಾಗಗಳಿಗೆ ಹಚ್ಚುತ್ತಿದ್ದರು. ಹೊರಗಿನ ಮರಕ್ಕೆ ಹಚ್ಚಿದರೆ ಪೂಜೆ ಬಡಗಿಗೆ ಹೋಗುತ್ತದೆ, ಕೆಲಸ ಮಾಡುವುದು ಒಳಗಿನದಲ್ಲವೇ ಎಂಬುದು ಅವರ ವಾದ.

"ನಾನೇ ಕಣವ್ವಾ ಕೆಡ್ಸಿರಾದು," ಎಂದು ನಕ್ಕರು.

ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿ ಜೋಡಿಸಿದೆವು. ಮತ್ತೆ ಹನ್ನೊಂದು ನಿಮಿಷ. ನನಗೆ ತಡೆಯಲಾಗಲಿಲ್ಲ. "ನಿಮ್ಮ ಭಕ್ತಿ ನನ್ನ ಅಂಗಡೀನೇ ತಿಂತು ಸಾ," ಅಂದುಬಿಟ್ಟೆ. ಮೇಷ್ಟ್ರು ಟವಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಮೂರನೆಯ ದಿನ ಬಾಗಿಲು ತೆಗೆಯುವ ಮೊದಲೇ ಜಗಲಿಯಲ್ಲಿ ಕೂತಿದ್ದರು. ಹಳೆಯ ಕೈಪಿಡಿಯನ್ನು ಭೂತಗನ್ನಡಿ ಹಿಡಿದು ಓದಿ ಬಂದಿದ್ದರು.

"ಈ ಸಿಸ್ಟಮ್ಮು ಡಿಸ್ಕ್ ಓದೋವಾಗ ಆರು ಸಲ ಎಡವಿದ್ರೆ ಕೇಬಲ್ ಮ್ಯಾಗ್ಳ ನಂಬ್ಕೆ ಬುಟ್ಬುಡ್ತದೆ ಕಣವ್ವಾ. ಆಮೇಲೆ ಕೇಬಲ್ ಸರಿಯಾದ್ರೂ ಎದುರ್ಕೊಂಡೇ ಓದ್ತದೆ, ಒಂದೊಂದೇ ಅಕ್ಷರ ನೋಡ್ಕಂಡು. ಆಗ ನೀನು ಒತ್ತುತಿದ್ದೆಯಲ್ಲ, ಅಂಗೆ."

ಅವರು ಹೇಳಿದಂತೆ ಆ ಕೇಬಲ್ಲಿನ ಹಳೆಯ ದಾಖಲೆಯನ್ನು ಸಿಸ್ಟಂನಿಂದ ಅಳಿಸಿ, ಕೋಳಿಗೂಡನ್ನು ಆರಿಸಿ, ಮತ್ತೆ ಹಾಕಿದೆ. ಯಂತ್ರ ತನ್ನ ಡಿಸ್ಕನ್ನು ಹೊಸದಾಗಿ ಗುರುತು ಹಿಡಿಯಿತು. ಇನ್ನೊಮ್ಮೆ ಹಾಕಿದಾಗ ಐವತ್ತೆರಡು ಸೆಕೆಂಡು. ಮೇಷ್ಟ್ರು ಗಡಿಯಾರವನ್ನು ಎರಡು ಸಲ ನೋಡಿದರು.

"ನಿನ್ನೆ ಅಂದಿದ್ದು ತಪ್ಪಾಯ್ತು ಸಾ," ಅಂದೆ.

"ಅದ್ನೂ ಅಳಿಸ್ಬುಡು," ಅಂದರು.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಶಿವಗಣಾರಾಧನೆಯ ಕಾರ್ಡು ಮಾಡಿಸಲು ಅವರ ಮಗಳು ನನ್ನಲ್ಲಿಗೇ ಬಂದಳು. ಗುಂಡಿ ಒತ್ತಿದೆ. ಅವತ್ತೊಂದು ದಿನ ಅದು ಹನ್ನೊಂದು ನಿಮಿಷ ತೆಗೆದುಕೊಳ್ಳಬಾರದಿತ್ತೇ ಅನ್ನಿಸಿತು. ಐವತ್ತೆರಡು ಸೆಕೆಂಡಿಗೆ ಪರದೆ ಎದ್ದು ನಿಂತಿತು. ಕಣ್ಣು ತುಂಬಿ ಕೀಲಿಗಳು ಕಾಣುತ್ತಿರಲಿಲ್ಲ. ಅವರ ಹೆಸರನ್ನು ನೋಡದೆಯೇ ಟೈಪ್ ಮಾಡಿದೆ. ಒಂದಕ್ಷರವೂ ತಪ್ಪಲಿಲ್ಲ.